ಮಗ್ಗದ ಗುಂಡಿಯಲ್ಲಿ ನಿಂತವಳು

ನನ್ನನ್ನು ಈ ಜನ್ಮದಲ್ಲಿ ಬಹಳ ಮಂದಿ ದಣಿಸಿದ್ದಾರೆ. ಅತ್ತೆ ದಣಿಸಿದ್ದಾಳೆ, ಮಗ್ಗ ದಣಿಸಿದೆ, ಮಂಡಿನೋವು ದಿನಾಲೂ ದಣಿಸುತ್ತದೆ. ಆದರೆ ಇವರೆಲ್ಲ ಸೇರಿದರೂ ಒಬ್ಬಳ ಕಿರುಬೆರಳಿಗೆ ಸಮವಲ್ಲ! ಆಕೆಯ ಎತ್ತರ ನಮ್ಮ ಮನೆಯ ಜೋಳದ ಡಬ್ಬಿಯಷ್ಟು. ಹಲ್ಲುಗಳು ನನ್ನ ಬೆರಳು ಕಚ್ಚಲು ಬೇಕಾದಷ್ಟು ಮಾತ್ರ ಬಂದಿವೆ. ಈಕೆ ನನ್ನ ತಂಗಿಯ ಮಗಳು. ಒಂದು ವರ್ಷ ದಾಟಿ ಕೆಲವು ತಿಂಗಳಾಗಿದೆ. ಇಡೀ ಗಜೇಂದ್ರಗಡದಲ್ಲಿ ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ದೊಡ್ಡ ಹಠದವರು ಇನ್ನೊಬ್ಬರಿದ್ದರೆ ಕರೆದುಕೊಂಡು ಬನ್ನಿ, ಅವರನ್ನೂ ನಾನೇ ನೋಡಿಕೊಳ್ಳುತ್ತೇನೆ. ಒಂದೇ ದಿನ, ಅಷ್ಟೇ!

ತಂಗಿ ಬಸ್ ಕಂಡಕ್ಟರ್. ನನಗೆ ಶಾಲೆ ಹತ್ತಲಿಲ್ಲ, ಐದನೆಯ ಇಯತ್ತೆಗೇ ಬಿಟ್ಟು ಮಗ್ಗಕ್ಕೆ ಕೂತೆ. ಆಕೆ ಓದಿದಳು, ಖಾಕಿ ಹಾಕಿದಳು. ಬೆಳಗಾಗುವ ಮೊದಲೇ ಬಸ್ ಹತ್ತಿದರೆ ರೋಣ, ನರಗುಂದ ಅಂತ ಸುತ್ತಿ ಸಂಜೆಗೆ ಬರುತ್ತಾಳೆ. ಆಕೆಯ ಗಂಡ ಲಾರಿಯ ಮೇಲೆ ದೂರದೂರದ ಊರು ತಿರುಗುವವನು. ನನ್ನ ಮನೆಯವರು ಈಗಿಲ್ಲ, ಮಕ್ಕಳು ಆಗಲೇ ಇಲ್ಲ. ಹೀಗಾಗಿ ನಾವು ಅಕ್ಕತಂಗಿ ಒಂದೇ ಮನೆಯಲ್ಲಿದ್ದೇವೆ, ಮತ್ತು ಹಗಲೆಲ್ಲ ಮಗು ನನ್ನ ಪಾಲಿಗೆ. ತಂಗಿಯ ಬಸ್ಸಿಗಾದರೂ ಕೊನೆಯ ನಿಲ್ದಾಣ ಅಂತ ಒಂದಿದೆ. ನನ್ನದಕ್ಕೆ?

ಮೊದಲು ಊಟದ ಕಥೆ ಕೇಳಿ. ತನ್ನ ತಾಟಿನಲ್ಲಿ ಹಾಕಿದ್ದನ್ನು ಈಕೆ ಮುಟ್ಟುವುದಿಲ್ಲ. ಅದು ಅವಮಾನ! ನನ್ನ ತಾಟಿನಿಂದ ರೊಟ್ಟಿಯ ಚೂರು ಕದ್ದರೆ ಮಾತ್ರ ರುಚಿ. ಅದಕ್ಕೇ ನಾನು ಆಕೆಯ ಹಾಲುರೊಟ್ಟಿಯನ್ನು ನನ್ನ ತಾಟಿನಲ್ಲಿ ಇಟ್ಟುಕೊಂಡು, ಬೇರೆ ಕಡೆ ನೋಡುತ್ತ ಕೂರಬೇಕು. ಕಳುವು ನಡೆಯುವಾಗ ಮನೆಯ ಒಡೆಯಳು ಕಾಣದಂತೆ ಇರಬೇಕಲ್ಲ! ಒಂದು ದಿನ ಕೈ ತಪ್ಪಿ ಶೇಂಗಾ ಚಟ್ನಿಗೆ ಬೆರಳು ಹಾಕಿ ನೆಕ್ಕಿದಳು. ಓಣಿಯೆಲ್ಲ ಕೇಳುವಂತೆ ಅತ್ತಳು. ನೀರು ಕುಡಿಸಿದೆ, ಬೆಲ್ಲ ತಿನ್ನಿಸಿದೆ. ಸಮಾಧಾನವಾಯಿತು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಮತ್ತೆ ಅದೇ ಚಟ್ನಿಗೆ ಬೆರಳು ಹಾಕಿ ನೆಕ್ಕಿದಳು, ಮತ್ತೆ ಅತ್ತಳು. ಬುದ್ಧಿ ಬಂದಿಲ್ಲ ಅನ್ನೋಣವೇ? ನನಗೇನೋ ಆಕೆ ಖಾರದ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಳು ಅನ್ನಿಸಿತು.

ಇನ್ನು ನಿದ್ದೆ. ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಬೆಳೆದವಳು, ಲಾಳಿ ಓಡುವ ಸದ್ದಿಲ್ಲದೆ ಕಣ್ಣು ಮುಚ್ಚುವುದಿಲ್ಲ. ಬೇರೆ ಮನೆಗಳಲ್ಲಿ ಮಗು ಮಲಗಿದರೆ ತಾಯಂದಿರಿಗೂ ಒಂದು ಗಳಿಗೆ ಅಡ್ಡಾಗಲು ಸಿಗುತ್ತದೆ. ಇಲ್ಲಿ ನಾನು ಅಡ್ಡಾದರೆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಆಕೆ ಏಳುತ್ತಾಳೆ! ಒಮ್ಮೆ ನೂಲು ಮುಗಿದಿತ್ತು. ಹೊಸ ನೂಲು ಬರುವವರೆಗೆ ಬರೀ ಮಗ್ಗ ಬಡಿಯುತ್ತ ಕೂತಿದ್ದೆ. ಪಕ್ಕದ ಮನೆಯ ಬೀಬಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಏನವಾ, ನೂಲ ಇಲ್ಲದ ಏನ್ ನೇಯಾಕತ್ತಿ?”

“ನಿದ್ದಿ ನೇಯಾಕತ್ತೀನಿ ಬೀಬಮ್ಮಾ.”

“ಯಾರಿಗೆ?”

“ನನಗಂತೂ ಅಲ್ಲ ಬಿಡು!”

ಮಾತಿನ ವಿಷಯದಲ್ಲೂ ಈಕೆ ವಿಚಿತ್ರವೇ. ಮಕ್ಕಳು ಮೊದಲು ಅವ್ವ ಅನ್ನುತ್ತವೆ, ಅಪ್ಪ ಅನ್ನುತ್ತವೆ. ಈಕೆ ಅಂದದ್ದು “ಐಟ್!” ತಂಗಿ ಬೆಳಿಗ್ಗೆ ಹೊರಡುವಾಗ ಮಗಳ ಬೆನ್ನು ತಟ್ಟಿ “ರೈಟ್, ರೈಟ್” ಅಂದು ನಗಿಸಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬೀಬಮ್ಮ ಹರಟೆ ಮುಗಿಸಿ ಎದ್ದಾಗ ನಮ್ಮ ಮಗು ಗೋಡೆಗೆ ಅಂಗೈಯಿಂದ ಬಡಿದು “ಐಟ್!” ಎಂದು ಅಪ್ಪಣೆ ಕೊಟ್ಟಿತು. ನಾವಿಬ್ಬರೂ ಬಿದ್ದುಬಿದ್ದು ನಕ್ಕೆವು. ಸಂಜೆ ತಂಗಿಗೆ ಹೇಳಿದಾಗ ಆಕೆಯೂ ನಕ್ಕಳು. ಆದರೆ ಊಟಕ್ಕೆ ಕೂತವಳು ರೊಟ್ಟಿ ಮುರಿದು ಹಾಗೇ ಇಟ್ಟಳು.

“ಹಲ್ಲ ಬಂದಿದ್ದೂ ನೀನ ನೋಡಿದಿ. ಕುಂತಿದ್ದೂ ನೀನ ನೋಡಿದಿ. ಈಗ ಮಾತೂ ಆತು. ನಾ ಬರೇ ಸುದ್ದಿ ಕೇಳಾಕ ತಾಯಾಗೇನಿ ನೋಡಕ್ಕಾ.”

“ಹುಚ್ಚಿ, ನಾಳೆ ನಿನ್ನ ಮುಂದನೂ ಅಂತಾಳ ತಗೋ.”

“ನಾಳೆ ಅಂದದ್ದು ಮೊದಲಿಂದ ಹ್ಯಾಂಗ ಆಗತೈತಿ? ನಡಿಯೂದೊಂದರ ನನಗ ಬಿಡು. ಮೊದಲನೇ ಹೆಜ್ಜಿ ನಾನ ನೋಡಬೇಕು.”

ಮಗು ಯಾವಾಗ ನಡೆಯುತ್ತದೆ ಅನ್ನುವುದು ನನ್ನ ಕೈಯಲ್ಲಿತ್ತೇ? ಆದರೂ ನಾನು “ಆತು, ನಿನಗ ಬಿಟ್ಟೆ” ಎಂದುಬಿಟ್ಟೆ, ಉಳಿದ ಪಲ್ಯವನ್ನು ತಂಗಿಗೆ ಬಿಟ್ಟಂತೆ!

ಮುಂದಿನ ವಾರವೇ ಆಕೆ ನಡೆದಳು. ಬೆಕ್ಕೊಂದು ಒಳಗೆ ಬಂದಿತ್ತು. ಮಗು ಮಗ್ಗದ ಕಂಬ ಹಿಡಿದು ಎದ್ದು ನಿಂತಿತು, ಕಂಬ ಬಿಟ್ಟಿತು, ಬೆಕ್ಕಿನ ಕಡೆ ಹೆಜ್ಜೆ ಹಾಕಿತು, ಧಪ್ಪನೆ ಕೂತಿತು. ಬೆಕ್ಕಿಗೂ ನನಗೂ ಒಟ್ಟಿಗೇ ಗಾಬರಿ. ನನ್ನ ಫೋನಿನಲ್ಲಿ ಮಾತು ಬರುತ್ತದೆ, ಚಿತ್ರ ಹಿಡಿಯಲು ಬರುವುದಿಲ್ಲ. ತಂಗಿ ಆ ಹೊತ್ತಿಗೆ ನರಗುಂದದ ಹಾದಿಯಲ್ಲಿ ಗದ್ದಲದ ನಡುವೆ ನಿಂತಿರಬೇಕು. ನಾನು ಏನು ಮಾಡಬೇಕಿತ್ತು? ಖುಷಿಪಡಬೇಕಿತ್ತು. ನಾನು ಮಗುವನ್ನು ಎತ್ತಿ ಮಗ್ಗದ ಗುಂಡಿಯೊಳಗೆ ಇಳಿಸಿದೆ!

ನಮ್ಮದು ಗುಂಡಿಮಗ್ಗ. ನೇಯುವವರು ನೆಲದ ಮೇಲೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡುತ್ತಾರೆ. ಅದರ ಮೂಲೆಯಲ್ಲಿ ನಿಲ್ಲಿಸಿದರೆ ಈಕೆಯ ತಲೆಯಷ್ಟೇ ಮೇಲೆ ಕಾಣುತ್ತದೆ. ತಂಗಿಯ ರಜೆ ಬರುವವರೆಗೆ ಇಲ್ಲೇ ಇರಲಿ, ಆಮೇಲೆ ಆಕೆಯ ಮುಂದೆ ನಡೆದರೆ ಅದೇ ಮೊದಲ ಹೆಜ್ಜೆ. ಇದು ನನ್ನ ಲೆಕ್ಕ. ಐದನೆಯ ಇಯತ್ತೆಯವಳ ಲೆಕ್ಕ!

ಆದರೆ ಮಹಾರಾಣಿಗೆ ಗುಂಡಿ ಅರಮನೆಯಾಯಿತು. ಹಿಡಿಯಲು ಗೋಡೆ, ಆಡಲು ಬಣ್ಣದ ನೂಲು, ಪಕ್ಕದಲ್ಲೇ ದೊಡ್ಡವ್ವನ ಕಾಲು. ಬೇಕಾದಾಗ ಚಿವುಟಬಹುದು. ರಜೆಯ ದಿನ ತಂಗಿ ಮಗಳಿಗೆ ಹೊಸ ಲಂಗ ತೊಡಿಸಿ ಕಾಲಿಗೆ ಗೆಜ್ಜೆ ಕಟ್ಟಿದಳು. ಅಂಗಳದಲ್ಲಿ ಕೂತು ಕರೆದೇ ಕರೆದಳು. ಮಗಳು ಕೂತಲ್ಲಿಂದ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಂಬೆಗಾಲಿನಲ್ಲಿ ಗೆಜ್ಜೆ ಎಳೆಯುತ್ತ ಗುಂಡಿಯ ಕಡೆ ಹೊರಟಳು. ಮುಂದಿನ ರಜೆಗೂ ಅದೇ. ಅದರ ಮುಂದಿನದಕ್ಕೂ ಅದೇ.

ಆಗಲಾದರೂ ನಾನು ಗುಂಡಿಯಿಂದ ಎತ್ತಿ ಹೊರಗೆ ಬಿಡಬಹುದಿತ್ತು. ಬಿಡಲಿಲ್ಲ. ತಂಗಿಗೋಸ್ಕರ ಅಂತ ಹೇಳಿಕೊಳ್ಳುತ್ತಿದ್ದೆ. ಖರೆ ಅಂದರೆ ಮಗು ಗುಂಡಿಯಲ್ಲಿದ್ದಾಗ ನನಗೆ ಒಂದೇ ಸಮನೆ ನೇಯಲು ಆಗುತ್ತಿತ್ತು. ಒಲೆಯ ಹತ್ತಿರ ಓಡಬೇಕಿಲ್ಲ, ಬಾಗಿಲಿಗೆ ಓಡಬೇಕಿಲ್ಲ. ನನಗೆ ಬಹಳ ದಣಿವಾಗಿತ್ತು. ಅದರ ಕೆಳಗೆ ಇನ್ನೊಂದು ಮಾತಿದೆ, ಹೇಳಲು ನಾಚಿಕೆ. ಆ ಹೆಜ್ಜೆ ನೋಡಿದವಳು ಲೋಕದಲ್ಲಿ ನಾನೊಬ್ಬಳೇ ಅನ್ನುವುದು ನನಗೆ ಒಳಗೊಳಗೇ ಸಿಹಿಯಾಗಿತ್ತು.

ಅಷ್ಟರಲ್ಲಿ ಬೀಬಮ್ಮನ ಮೊಮ್ಮಗ, ಇವಳಿಗಿಂತ ಸಣ್ಣವನು, ಓಣಿಯಲ್ಲಿ ಕೋಳಿ ಓಡಿಸತೊಡಗಿದ. ತಂಗಿ ಅದನ್ನು ನೋಡಿದಳು. ಮರುದಿನವೇ ರಜೆ ಹಾಕಿ ನಮ್ಮಿಬ್ಬರನ್ನೂ ರೋಣದ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಮಗುವಿನ ಪಾದ ಒತ್ತಿ ನೋಡುವಾಗ ಅದು ಒದ್ದ ರಭಸಕ್ಕೆ ಅವರ ಪೆನ್ನು ಹೋಗಿ ಗೋಡೆಗೆ ಬಡಿಯಿತು.

“ಏನ್ ಶಕ್ತಿರೀ ಕಾಲಾಗ! ಮನ್ಯಾಗ ಒಂದು ಹೆಜ್ಜಿನೂ ಇಟ್ಟಿಲ್ಲೇನ್ರಿ?”

“ಒಂದೂ ಇಲ್ರಿ ಸರ್” ಎಂದಳು ತಂಗಿ.

ಡಾಕ್ಟರು ನನ್ನ ಕಡೆ ತಿರುಗಿದರು. “ಹಗಲೆಲ್ಲಾ ನೋಡಿಕೊಳ್ಳಾವ್ರು ನೀವಲ್ಲೇನ್ರಿ? ನಡದಿಲ್ಲ?”

“ನಿಂದರತಾಳ್ರಿ” ಎಂದೆ. ಕೇಳಿದ್ದು ನಡೆಯುವುದರ ಬಗ್ಗೆ, ನಾನು ಹೇಳಿದ್ದು ನಿಲ್ಲುವುದರ ಬಗ್ಗೆ.

ಕೆಲವು ಮಕ್ಕಳು ತಡ, ಹೆದರಬೇಡಿ, ಮುಂದಿನ ತಿಂಗಳು ಮತ್ತೆ ತೋರಿಸಿ ಅಂದರು ಡಾಕ್ಟರು. ತಂಗಿ ಹೆದರಿಯೇ ಇದ್ದಳು. ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರ್ ಗುರುತಿನವನು, ಮಾತಾಡಿಸಿದ. ಆಕೆ ಮಗಳ ಪಾದ ಸವರುತ್ತ ಕೂತಿದ್ದಳು. ಸೂಡಿ ಊರು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಅಂದಳು:

“ನೌಕರಿ ಬಿಡತೀನಿ ಅಕ್ಕಾ. ಹಾಲ ಬಿಡಿಸಿ ಲಗೂನ ಡ್ಯೂಟಿಗೆ ಹೋದೆ. ಅದಕ್ಕ ಕೂಸಿನ ಕಾಲು ಹಿಂಗ ಆತು. ಮಂದಿ ಮಕ್ಕಳನ್ನ ಹುಷಾರಾಗಿ ಇಳಸತೀನಿ, ನನ್ನ ಮಗಳನ್ನ ನಡಸಾಕ ಆಗಲಿಲ್ಲ.”

ಆ ನೌಕರಿಗಾಗಿ ಆಕೆ ಎಷ್ಟು ಓದಿದ್ದಳು, ಮೊದಲ ದಿನ ಖಾಕಿ ತೊಟ್ಟು ಕನ್ನಡಿಯ ಮುಂದಿನಿಂದ ಸರಿಯದೆ ಎಷ್ಟು ಹೊತ್ತು ನಿಂತಿದ್ದಳು, ನನಗೆ ಗೊತ್ತು. ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಅಂಗಳದಲ್ಲಿ ನಿಂತು ಹೇಳಿದೆ. ಬೆಕ್ಕು, ಕಂಬ, ಗುಂಡಿ, ನನ್ನ ನೇಯ್ಗೆಯ ಆಸೆ, ಆ ಕೆಟ್ಟ ಸಿಹಿ, ಎಲ್ಲ. ನೌಕರಿ ಬಿಡಬೇಡ, ಕೂಸಿನ ಕಾಲು ಚಲೋ ಅದಾವ, ತಪ್ಪು ನನ್ನದು ಅಂದೆ.

ತಂಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಳು. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

“ಹ್ಯಾಂಗ ನಡದ್ಲು?” ಎಂದಳು ಕೊನೆಗೆ.

“ಹ್ಯಾಂಗ ಅಂದ್ರ? ನಡದ್ಲು.”

“ಹಂಗಲ್ಲ. ಮಾಡಿ ತೋರಸು.”

ಮೊದಲು ತಮಾಷೆ ಅಂದುಕೊಂಡೆ. ಮುಖ ನೋಡಿದೆ, ತಮಾಷೆ ಇರಲಿಲ್ಲ. ಚಪ್ಪಲಿ ಬಿಟ್ಟು ಅಂಗಳದ ನಡುವೆ ಹೋಗಿ ನಿಂತೆ. ಎರಡೂ ಕೈ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ, ಕಾಲು ಅಗಲಿಸಿ ಒಂದು ಹೆಜ್ಜೆ ಇಟ್ಟೆ. ತೂರಾಡಿದೆ. ಇನ್ನೊಂದು ಇಟ್ಟೆ. ಬಾಯಿ ತೆರೆದು ನಕ್ಕೆ, ಆಕೆ ನಕ್ಕಂತೆ. ಆಮೇಲೆ ಧಪ್ಪನೆ ನೆಲಕ್ಕೆ ಕೂತೆ. ಮಂಡಿ ಎರಡೂ ಕೂಗಿದವು. ತಂಗಿಯ ತೊಡೆಯ ಮೇಲಿದ್ದವಳು ಕೇಕೆ ಹಾಕಿ ಚಪ್ಪಾಳೆ ತಟ್ಟಿದಳು.

ತಂಗಿ ನಗಲಿಲ್ಲ, ಅಳಲಿಲ್ಲ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. “ಮತ್ತೊಮ್ಮಿ” ಎಂದಳು.

ನೆಲಕ್ಕೆ ಕೈಯೂರಿ ಎದ್ದೆ. ಆಕೆ ಮಗಳನ್ನು ಪಕ್ಕದಲ್ಲಿ ಕೂರಿಸಿದಳು. ಕಟ್ಟೆಯಿಂದ ಇಳಿದು ಮಣ್ಣಿನಲ್ಲಿ ಮಂಡಿಯೂರಿ ಎರಡೂ ಕೈ ನನ್ನ ಕಡೆ ಚಾಚಿದಳು.

“ಬಾ… ಮೆಲ್ಲಕ… ಬಿದ್ದಿ… ಬಾ ಇಲ್ಲಿ, ಅವ್ವನ ಕಡೆ ಬಾ.”

ನಾನು ಕೈ ಮೇಲೆತ್ತಿಕೊಂಡೇ, ತೂರಾಡುತ್ತ, ಅವಳ ತನಕ ನಡೆದೆ.