ಡಾಕ್ಟರನ್ನು ನೋಡಿಬಂದ ಅಪ್ಪ

ಮಗಳು ಕೆಮ್ಮಿದಳು. ಸಣ್ಣದೊಂದು ಒಣ ಕೆಮ್ಮು, ಅಷ್ಟೇ. ಕೆಲಸಕ್ಕೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ತಿರುಗಿ, "ಇವತ್ತು ಶಾಲೆ ಬೇಡ ಬಿಡಿ. ಒಳ್ಳೆ ಡಾಕ್ಟ್ರಿಗೆ ತೋರಿಸಿ. ಯಾರಿಗೆ ಅಂತ ನನ್ನ ಕೇಳ್ಬೇಡಿ, ನೀವೇ ಆರಿಸಿ," ಎಂದು ಬಸ್ಸಿಗೆ ಓಡಿದಳು.

ಆರಿಸುವುದೇ ಅವನಿಗೆ ಬಾರದ ವಿದ್ಯೆ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವನದು. ಗಾಜು ಬದಲಿಸುತ್ತ, "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ದಿನವಿಡೀ ಬೇರೆಯವರನ್ನು ಕೇಳುತ್ತಿದ್ದ. ಅದೇ ಪ್ರಶ್ನೆ ತನ್ನ ಕಡೆ ತಿರುಗಿದರೆ ಎಲ್ಲವೂ ಒಂದೇ ಥರ ಮಸುಕು.

ಅದಕ್ಕಿಂತ ದೊಡ್ಡ ತೊಡಕು ಮಂಚದ ಮೇಲೆ ಕೂತಿತ್ತು. ಹಿಂದೊಮ್ಮೆ ಮಗಳಿಗೆ ಜ್ವರ ಬಂದಾಗ, "ಡಾಕ್ಟ್ರು ಸೂಜಿ ಚುಚ್ಚಲ್ಲ ಪುಟ್ಟಿ," ಎಂದು ಅವನು ಕರೆದೊಯ್ದಿದ್ದ. ಡಾಕ್ಟ್ರು ಚುಚ್ಚಿದ್ದರು. ಅವಳು ಅತ್ತಿದ್ದರೆ ಅವನು ಮರೆತುಬಿಡುತ್ತಿದ್ದನೇನೋ. ಅಳಲಿಲ್ಲ. ಸುಮ್ಮನೆ ಅವನ ಮುಖ ನೋಡಿದ್ದಳು. ಆ ನೋಟ ಅಂಗಿಗೆ ಅಂಟಿದ ಶಾಯಿಯ ಹಾಗೆ ಇನ್ನೂ ಹೋಗಿರಲಿಲ್ಲ.

"ಈ ಸಲ ಚುಚ್ಚದೇ ಇರೋ ಡಾಕ್ಟ್ರ ಹತ್ರ ಹೋಗೋಣ," ಎಂದ.

"ನಿನಗೆ ಹೇಗೆ ಗೊತ್ತು? ನೀನು ಅವರನ್ನ ನೋಡಿದೀಯಾ?"

"ಮೊದಲು ನಾನೇ ಹೋಗಿ ನೋಡ್ಕೊಂಡು ಬರ್ತೀನಿ," ಎಂದುಬಿಟ್ಟ.

ಅಷ್ಟರಲ್ಲಿ ಸುದ್ದಿ ಮಹಡಿ ಹತ್ತಿ ಇಳಿದಿತ್ತು. ಮೇಲ್ಮನೆಯ ಅಜ್ಜಿ, "ಪೇಟೆ ಮೂಲೆ ಡಾಕ್ಟ್ರಿಗೆ ತೋರಿಸಪ್ಪ. ಅಲ್ಲಿ ಸೇರೋ ಜನ ನೋಡಿದ್ರೇ ಗೊತ್ತಾಗುತ್ತೆ, ಎಂಥವರು ಅಂತ," ಎಂದರು.

ಎದುರುಮನೆಯ ಟೇಲರ್ ಹಲ್ಲಲ್ಲಿ ದಾರ ಕಚ್ಚಿಕೊಂಡೇ, "ಜನ ಸಾವಿನ ಮನೆಗೂ ಬರ್ತಾರೆ ಅಜ್ಜಿ. ನಮ್ಮ ಡಾಕ್ಟ್ರ ಹತ್ರ ಹೋಗಿ ಸಾರ್, ಮುಖ ನೋಡಿ ಕಾಯಿಲೆ ಹೇಳ್ತಾರೆ," ಎಂದ.

ಮಗಳನ್ನು ಅಜ್ಜಿಗೆ ಒಪ್ಪಿಸಿ, ಅಂಗಡಿಗೆ ರಜೆ ಹೇಳಿ, ಮೆಟ್ಟಿಲಲ್ಲೇ ಒಂದೆರಡು ಸಲ ಕೆಮ್ಮಿ ಅಭ್ಯಾಸ ಮಾಡಿಕೊಂಡು ಹೊರಟ.

ಟೇಲರನ ಡಾಕ್ಟ್ರು ಮುಖ ನೋಡಿದ್ದು ನಿಜ, ಆದರೆ ತಮ್ಮ ಮೊಬೈಲಿನ ಮುಖ. ಅವನು ಕೆಮ್ಮಲು ಬಾಯಿ ತೆರೆಯುವ ಮೊದಲೇ ಔಷಧಿ ಬರೆದು ಮುಗಿಸಿದ್ದರು.

ಅಜ್ಜಿಯ ಡಾಕ್ಟ್ರಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ತುಂಬ ನಿಜವಾದ ಕೆಮ್ಮುಗಳು. ಅವುಗಳ ನಡುವೆ ಅವನ ಕೆಮ್ಮು ಹೊಸ ನಟನ ಹಾಗೆ ನಾಚಿಕೊಂಡಿತು. ಪಕ್ಕದಲ್ಲಿದ್ದ ಪೈಲ್ವಾನನಂಥವನು ಅವನ ಮುಖಕ್ಕೇ ಎರಡು ಬಾರಿ ಸೀನಿ, "ತಪ್ಪು ತಿಳ್ಕೋಬೇಡಿ," ಎಂದ. ಒಳಗೆ, "ಡಾಕ್ಟ್ರೇ, ನಾನು ಸುಮ್ನೆ..." ಎನ್ನುವಷ್ಟರಲ್ಲಿ ಅವನನ್ನು ಬೋರಲು ಮಲಗಿಸಿ ಸೂಜಿ ಚುಚ್ಚಿ ಆಗಿತ್ತು.

ಸೊಂಟ ಹಿಡಿದುಕೊಂಡು ಕುಂಟುತ್ತ ಬರುವಾಗ ಗಲ್ಲಿಯೊಂದರಲ್ಲಿ ಚಿಕ್ಕ ಬೋರ್ಡು ಕಂಡಿತು. ಒಳಗೆ ವಯಸ್ಸಾದ ಡಾಕ್ಟರಮ್ಮ ಆಗ ತಾನೇ ಎಲ್ಲಿಂದಲೋ ಬಂದು, ದೊಡ್ಡ ಚೀಲ ಇಳಿಸಿ ಕೈ ತೊಳೆಯುತ್ತಿದ್ದರು. ಅವನು ಕೆಮ್ಮಿದ. ಅವರು ಎದೆಗೆ ಕೊಳವೆಯಿಟ್ಟು ಕಣ್ಣು ಮುಚ್ಚಿ ತುಂಬ ಹೊತ್ತು ಕೇಳಿದರು. ಆ ಕೋಣೆಯ ಮೌನದಲ್ಲಿ, ತನ್ನ ಮಾತನ್ನು ಯಾರೋ ಮೊದಲ ಸಲ ಪೂರ್ತಿ ಕೇಳುತ್ತಿದ್ದಾರೆ ಎನ್ನಿಸಿತು. ಅವನು ಮಾತೇ ಆಡಿರಲಿಲ್ಲ.

"ಬಿಸಿನೀರು ಕುಡೀರಿ ಸಾಕು," ಎಂದರು.

"ಸೂಜಿ ಚುಚ್ಚಲ್ವಾ?"

"ಬೇಡದವರಿಗೆ ಯಾಕೆ ಚುಚ್ಚಲಿ?"

ಜೀವನದಲ್ಲಿ ಮೊದಲ ಸಲ ಅವನಿಗೆ ಒಂದು ಗಾಜು ಸ್ಪಷ್ಟವಾಗಿ ಕಂಡಿತು. ಮನೆಗೆ ಬಂದವನೇ, "ಸಿಕ್ಕಿದ್ರು ಪುಟ್ಟಿ! ಕಣ್ಣಾರೆ ನೋಡ್ಕೊಂಡು ಬಂದಿದೀನಿ. ಚುಚ್ಚಲ್ಲ," ಎಂದ.

ಮಗಳು ಅವನ ಮುಖವನ್ನು ಅಳೆದು ನೋಡಿ ಚಪ್ಪಲಿ ಹಾಕಿಕೊಂಡಳು. ತಮ್ಮ ಡಾಕ್ಟ್ರನ್ನು ಬಿಟ್ಟು ಇನ್ಯಾರನ್ನು ಹಿಡಿದ ಎಂದು ನೋಡಲು ಅಜ್ಜಿಯೂ ಟೇಲರೂ ಹಿಂದೆಯೇ ಬಂದರು.

ಡಾಕ್ಟರಮ್ಮ ಮಗಳ ಎದೆಯನ್ನೂ ಹಾಗೆಯೇ ಕಣ್ಣು ಮುಚ್ಚಿ ಕೇಳಿದರು.

"ಮಧ್ಯಾಹ್ನ ನಿಮ್ಮ ಕೆಮ್ಮು ಕೇಳಿದೆ, ಈಗ ಇವಳದು. ಅಪ್ಪ ಮಗಳು ಅಂತ ಹೇಳದೇ ಇದ್ರೂ ಗೊತ್ತಾಗ್ತಿತ್ತು. ಇಬ್ಬರದೂ ಒಂದೇ ಥರ."

ಅವನು ಮಗಳನ್ನು ಹತ್ತಿರ ಎಳೆದುಕೊಂಡ. "ಅಂಟುಜಾಡ್ಯವಾ ಡಾಕ್ಟ್ರೇ?"

"ಇಬ್ಬರಿಗೂ ಕೆಮ್ಮೇ ಇಲ್ಲ."

ಟೇಲರನ ಬಾಯಿಯಿಂದ ದಾರ ಬಿತ್ತು. "ನಿಮಗ್ಯಾಕೆ ಸಾರ್ ಬೇಕಿತ್ತು ಈ ನಾಟಕ?"

ಡಾಕ್ಟರಮ್ಮ ಮಗಳ ಶಾಲೆಯ ಹೆಸರು ಕೇಳಿದರು. ಅವಳು ನೆಲ ನೋಡುತ್ತ ಹೇಳಿದಳು. "ಹಾಗಾದ್ರೆ ನೀನೇ ಅವಳು! ಬೆಳಿಗ್ಗೆ ನಿಮ್ಮ ಶಾಲೆಗೆ ಲಸಿಕೆ ಹಾಕೋಕೆ ಬಂದಿದ್ದವಳು ನಾನೇ ಕಣಮ್ಮ. ಎಲ್ಲರೂ ಹಾಕಿಸ್ಕೊಂಡ್ರು, ಒಬ್ಬಳು ಮಾತ್ರ ಬಂದಿರಲಿಲ್ಲ. ನಿನ್ನೇನೇ ಟೀಚರ್ ಹೇಳಿದ್ರಂತಲ್ಲ, ಮನೇಲಿ ಹೇಳ್ಲಿಲ್ವಾ?"

ಅವಳು ಅಪ್ಪನ ಅಂಗಿ ಹಿಡಿದಳು. ಅವರು ಚೀಲ ತೆರೆದು ಅವನತ್ತ ತಿರುಗಿದರು. "ಇದು ಬೇಕಾದ್ದು. ಹಾಕಲಾ?"

ಮಗಳೂ ಅವನನ್ನೇ ನೋಡಿದಳು. ಹೂಂ ಅಂದರೆ ಸುಳ್ಳುಗಾರ, ಊಹೂಂ ಅಂದರೆ ಮೂರ್ಖ. ಇದು ಸ್ಪಷ್ಟವೋ, ಅದು ಸ್ಪಷ್ಟವೋ? ಗೋಡೆಯ ಫ್ಯಾನು ಒಂದು ಸುತ್ತು ಹೆಚ್ಚೇ ತಿರುಗಿತು. ಅವನು ಹೂಂ ಎಂದು ತಲೆಯಾಡಿಸಿದ.

ಈ ಸಲವೂ ಅವಳು ಅಳಲಿಲ್ಲ.

ವಾಪಸು ಬರುವಾಗ ಅಜ್ಜಿಯೂ ಟೇಲರೂ ನಗು ತಡೆದುಕೊಳ್ಳುತ್ತ ಮುಂದೆ ನಡೆದರು. ಅವನು ಕುಂಟುತ್ತ, ಮಗಳು ತೋಳು ಉಜ್ಜುತ್ತ ಹಿಂದೆ.

"ನಾನು ಬೇಕು ಅಂತ ಸುಳ್ಳು ಹೇಳ್ಲಿಲ್ಲ ಪುಟ್ಟಿ," ಎಂದ ಅವನು.

"ನಾನು ಬೇಕು ಅಂತಲೇ ಹೇಳಿದ್ದು," ಎಂದು ಅವಳು ಅವನ ಬೆರಳು ಹಿಡಿದಳು.

ಅವನು ಏನೋ ಹೇಳಹೊರಟ, ಆಗಲಿಲ್ಲ. ಪೈಲ್ವಾನನ ಸೀನು ಕೆಲಸ ಮಾಡಿತ್ತು. ಎದೆಯ ಆಳದಿಂದ ಎದ್ದ ಕೆಮ್ಮು ಅವನನ್ನು ಬೀದಿದೀಪದ ಕಂಬಕ್ಕೆ ಒರಗಿಸಿತು. ಕಣ್ಣಲ್ಲಿ ನೀರು, ಮೈಯೆಲ್ಲ ಬಿಸಿ.

ಅಜ್ಜಿ ತಿರುಗಿ ನೋಡಿ ಹಣೆ ಚಚ್ಚಿಕೊಂಡರು. ಟೇಲರ್ ಚಪ್ಪಾಳೆ ತಟ್ಟಿದ.

ಮಗಳು ಬೆರಳು ಜಗ್ಗಿ, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ ಹೇಳಿದಳು: "ಸಾಕು ಅಪ್ಪ, ಎಲ್ಲರಿಗೂ ಗೊತ್ತಾಗೋಯ್ತು."