ಕೌದಿ ಹೊದ್ದ ಬ್ಯಾಟರಿ

ನಮ್ಮ ಭಾವನವರಂಥ ದೋಣಿ ಡ್ರೈವರು ನಿಜಾಮನ ಈ ಮೊಗಲಾಯಿ ಸೀಮೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಬೇಡ! ಸುಮಾರು ಎರಡು ವರ್ಷ ಅವರು ಸರ್ಕಾರದ ಮೋಟಾರು ದೋಣಿಯನ್ನು ನೋಡಿಕೊಂಡರು. ಅಷ್ಟು ದಿನದಲ್ಲಿ ಅದು ಒಂದು ಬಂಡೆಗೆ ಬಡಿಯಲಿಲ್ಲ, ಒಂದು ಸಲ ಮಗುಚಲಿಲ್ಲ, ಒಬ್ಬರ ಧೋತರದ ಅಂಚೂ ತೋಯಲಿಲ್ಲ. ಹೇಗೆ ತೋಯ್ದೀತು? ಅವರು ಎಂಜಿನನ್ನು ಚಾಲೂ ಮಾಡಿದ್ದರೆ ತಾನೇ!

ನೀವು ನಗುತ್ತೀರಿ. ನಗಿರಿ. ಈ ಮಾತು ಹೇಳಿ ನಾನು ಗಂಗಾವತಿಯ ಚಹಾದಂಗಡಿಯಿಂದ ಹಿಡಿದು ಕೊಪ್ಪಳದ ಬೀಗರ ಮನೆಯವರೆಗೆ ಎಷ್ಟೋ ಮಂದಿಯನ್ನು ನಗಿಸಿದ್ದೇನೆ. ಆದರೆ ಹೇಳುವಾಗೆಲ್ಲ ನನ್ನ ಬಾಯಿ ಕಹಿಯಾಗುತ್ತಿತ್ತು. ಆ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟು. ಕಾರಣ ಮುಂದೆ ಹೇಳುತ್ತೇನೆ, ಮೊದಲು ಅವರನ್ನು ಸ್ವಲ್ಪ ನೋಡಿ.

ಭಾವನವರೆಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಕುಷ್ಟಗಿ ಕಡೆಯವರು. ಹುಟ್ಟಿದಾಗಿನಿಂದ ಹೊಳೆ ಕಂಡವರಲ್ಲ, ಈಜು ಬಾರದು, ಮೀನು ಕಂಡರೆ ಮುಖ ಸಿಂಡರಿಸುತ್ತಿದ್ದರು. ಕುಷ್ಟಗಿಯಲ್ಲಿ ಒಂದು ಬಸ್ಸಿನ ಕ್ಲೀನರಾಗಿದ್ದರೆಂಬುದೇ ಅವರ ದೊಡ್ಡ ವಿದ್ಯೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು ಎದ್ದಿದ್ದ ಕಾಲ ಅದು. ನದಿಯ ಆಳ ಅಳೆಯಲಿಕ್ಕೆಂದು ಇಲಾಖೆಯವರು ಒಂದು ಮೋಟಾರು ದೋಣಿ ತಂದು, ಗಂಗಾವತಿಯಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯ ದಂಡೆಗೆ ಕಟ್ಟಿದರು. ಎಂಜಿನ್ ಬಲ್ಲವರು ಯಾರಿದ್ದೀರಿ ಎಂದು ಕೇಳಿದಾಗ ಭಾವನವರು ಕೈ ಎತ್ತಿದರು. ಹಾಗೆ ಅಕ್ಕನ ಸಂಸಾರ ಹೊಳೆ ದಂಡೆಗೆ ಬಂತು. ನಾನು ಗಂಗಾವತಿಯಲ್ಲಿ ಸಾಲಿ ಮಾಸ್ತರ. ನಮ್ಮ ಅವ್ವ ಇದ್ದದ್ದು ಹೊಳೆಯ ಆಚೆ ದಂಡೆಗೆ, ಬ್ರಿಟಿಷರ ಕುಂಪಣಿ ಸೀಮೆಯಲ್ಲಿ. ಮಗಳು ಕೂಗಳತೆಗೆ ಬಂದಳೆಂದು ಅವ್ವನಿಗೆ ಹಿಡಿಸಲಾರದಷ್ಟು ಸಂತೋಷ.

ದೋಣಿ ಒಪ್ಪಿಸಿದ ದಿನ ದೊಡ್ಡ ಸಾಹೇಬರು ಭಾವನವರಿಗೆ ಹೇಳಿದ್ದು ಒಂದೇ ಮಾತು: "ನೋಡಪಾ, ಬ್ಯಾಟರಿ ಇಳೀಬಾರದು. ಅದು ಇಳದ್ರ ದೋಣಿ ಹೆಣ." ಸಾಹೇಬರು ದಿನಕ್ಕೆ ಇಂಥ ಇಪ್ಪತ್ತು ಮಾತು ಆಡಿ ಮರೆಯುವವರು. ಭಾವನವರು ಮರೆಯುವವರಲ್ಲ. ಅವರು ಆ ಮಾತನ್ನು ಗುರುವಿನ ಉಪದೇಶದಂತೆ ಕಿವಿಯಲ್ಲಿ ಹಾಕಿಕೊಂಡುಬಿಟ್ಟರು.

ಮರುದಿನವೇ ಬ್ಯಾಟರಿ ದೋಣಿಯಿಂದ ಮನೆಗೆ ಬಂತು! ಹೊಳೆಯ ತಂಪಿಗೆ ಅದರ ಸತ್ವ ಹೋಗುತ್ತದಂತೆ. ದೇವರ ಜಗಲಿಯ ಪಕ್ಕದಲ್ಲಿ ಮಣೆ ಹಾಕಿ ಅದನ್ನು ಕೂಡಿಸಿದರು. ಅದರ ಮೇಲೆ ಹೊದಿಸಿದ್ದೇನು ಗೊತ್ತೇ? ಅವ್ವ ಎರಡು ವರ್ಷ ಕೂತು, ಹಳೇ ಸೀರೆಗಳನ್ನು ಕತ್ತರಿಸಿ ಸೇರಿಸಿ, ಅಕ್ಕನ ಮದುವೆಗೆಂದು ಹೊಲಿದುಕೊಟ್ಟ ಕೌದಿ. ಆ ವರ್ಷದ ಚಳಿಯಲ್ಲಿ ಬ್ಯಾಟರಿ ಬೆಚ್ಚಗೆ ಮಲಗಿತು, ಅಕ್ಕ ಸೆರಗು ಹೊದ್ದು ಮಲಗಿದಳು. ತಿಂಗಳೊಳಗೆ ಬ್ಯಾಟರಿಯ ಆಮ್ಲ ತಾಗಿ ಕೌದಿ ಅಲ್ಲಲ್ಲಿ ತೂತು ಬಿತ್ತು. ಭಾವನವರು ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ ಗಂಭೀರವಾಗಿ ಹೇಳಿದರು:

"ನಿಮ್ಮವ್ವ ದಾರ ಛಲೋದು ಹಾಕಿಲ್ಲ ನೋಡು."

ಅಕ್ಕ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅವತ್ತು ಆ ರೊಟ್ಟಿಗಳಿಗೆ ಬಿದ್ದ ಪೆಟ್ಟನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಅವರ ತರ್ಕದ ಬೇರು ಎಲ್ಲಿತ್ತೆಂದರೆ ಹಗೇವಿನಲ್ಲಿ. ಕುಷ್ಟಗಿ ಸೀಮೆಯವರು ನೆಲದಲ್ಲಿ ಬಾವಿಯಂತೆ ತೋಡಿ, ಅದರೊಳಗೆ ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಾರಲ್ಲ, ಅದೇ ಹಗೇವು. ಬರ ಬಂದಾಗ ಮಾತ್ರ ಅದರ ಬಾಯಿ ತೆರೆಯಬೇಕು. ನಡುವೆ ಚಪಲಕ್ಕೆ ತೆರೆದವನ ಮನೆಯ ಕಾಳಿಗೆ ಹುಳ ಬೀಳುತ್ತದೆ. ಭಾವನವರ ವಂಶ ಬದುಕಿ ಉಳಿದದ್ದೇ ಹಗೇವಿನಿಂದ. ಅವರ ಅಜ್ಜ ಮೂರು ವರ್ಷ ಮುಚ್ಚಿಟ್ಟ ಹಗೇವು ತೆಗೆದು ಅರ್ಧ ಊರಿಗೆ ಅನ್ನ ಹಾಕಿದ್ದರಂತೆ. ಇಂಥವರ ಮೊಮ್ಮಗನ ಕೈಗೆ ಬ್ಯಾಟರಿ ಕೊಟ್ಟರೆ ಏನಾದೀತು? ಅಕ್ಕನ ಕೈಯಿಂದಲೇ ಸೆಗಣಿ ಮಣ್ಣು ಕಲೆಸಿಸಿ, ಬ್ಯಾಟರಿಯ ಆರೂ ಮುಚ್ಚಳಗಳ ಸುತ್ತ ಚೆಂದಾಗಿ ಮೆತ್ತಿಬಿಟ್ಟರು!

ಯುಗಾದಿ ಮುಂದೆ ಹೊಸಪೇಟೆಯಿಂದ ಎಂಜಿನ್ ಮೇಸ್ತ್ರಿ ಒಬ್ಬ ಬಂದ. ನಾನೂ ಅವತ್ತು ಅಲ್ಲಿದ್ದೆ. ಮಣ್ಣು ಮೆತ್ತಿದ ಬ್ಯಾಟರಿ ನೋಡಿ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

"ಏನ್ರಿ ಇದು! ವಾರಕ್ಕೊಮ್ಮಿ ಅರ್ಧಾ ತಾಸು ಎಂಜಿನ್ ಓಡಸ್ರಿ. ಎಂಜಿನ್ ಓಡಿದ್ರ ಬ್ಯಾಟರಿ ತಾನ ತುಂಬಕೋತೈತಿ. ಸುಮ್ನ ಇಟ್ರ ಕೂತಲ್ಲೇ ಸಾಯತೈತಿ."

ಭಾವನವರು ನಕ್ಕರು. ತಿಳಿಗೇಡಿಗಳನ್ನು ಕಂಡು ತಿಳಿದವರು ನಗುವ ನಗೆ ಅದು.

"ಹಗೇವಿನ ಬಾಯಿ ವಾರಕ್ಕೊಮ್ಮಿ ತಗದ್ರ ಜ್ವಾಳ ಹೆಚ್ಚಾಗ್ತಾವೇನೋ ಮೇಸ್ತ್ರಿ?"

"ಇದು ಜ್ವಾಳ ಅಲ್ರಿ ಯಪ್ಪಾ, ಕರೆಂಟು!"

"ಕಾಳು ಯಾವದಾದ್ರೇನೋ, ಇಡೂ ರೀತಿ ಒಂದ."

ಮೇಸ್ತ್ರಿ ಅಕ್ಕ ಕೊಟ್ಟ ಮಜ್ಜಿಗೆ ಕುಡಿದು, ನನ್ನ ಕಡೆ ನೋಡಿ ಕೈ ಮುಗಿದು, ಹರಿಗೋಲು ಹತ್ತಿ ಹೋದ. ನಾನು ಕಲಿತವನು, ಮಾಸ್ತರ. ನಾನಾದರೂ ಬುದ್ಧಿ ಹೇಳಬೇಕಿತ್ತೋ ಬೇಡವೋ? ಹೇಳಲಿಲ್ಲ. ಚಹಾದಂಗಡಿಯಲ್ಲಿ ಹೇಳಲಿಕ್ಕೆ ಹೊಸ ಕಥೆ ಸಿಕ್ಕಿತೆಂದು ಖುಷಿಯಿಂದ ಮನೆಗೆ ಬಂದೆ.

ಇನ್ನು ಸಾಹೇಬರು ಆಳ ಅಳೆಯಲು ಬಂದಾಗ ಇವರು ಏನು ಮಾಡುತ್ತಿದ್ದರು ಅನ್ನುತ್ತೀರಾ? ಅಲ್ಲೇ ಇರುವುದು ಭಾವನವರ ಜಾಣತನ! ಎರಡು ಹರಿಗೋಲುಗಳನ್ನು ಮುಂದೆ ಬಿಟ್ಟು, ಅವಕ್ಕೆ ಹಗ್ಗ ಹಾಕಿ ಮೋಟಾರು ದೋಣಿಯನ್ನು ಎಳೆಸಿದರು. ಅಂಬಿಗರು ಬೆವರು ಸುರಿಸಿ ಹುಟ್ಟು ಹಾಕುತ್ತಿದ್ದರೆ, ಸಾಹೇಬರು ಹಿಂದೆ ಮೋಟಾರು ದೋಣಿಯಲ್ಲಿ ಛತ್ರಿ ಹಿಡಿದು ಕೂತಿದ್ದರು. ಇದೇನು ಎಂದು ಅವರು ಕೇಳಿದ್ದಕ್ಕೆ ಭಾವನವರು, "ಎಂಜಿನ್ ಹಚ್ಚಿದ್ರ ನೀರು ಅಲುಗಾಡತೈತ್ರಿ ಸಾಹೇಬ್ರ. ಅಳತಿ ತಪ್ಪತೈತ್ರಿ" ಅಂದರು. ಸಾಹೇಬರು ಖುಷಿಯಾಗಿ, ಈ ಮನುಷ್ಯ ಬಹಳ ಬುದ್ಧಿವಂತ ಎಂದು ದಫ್ತರದಲ್ಲಿ ಬರೆದು ಹೋದರು. ಸರ್ಕಾರದ ಕಣ್ಣಿಗೆ ಯಾರು ಬುದ್ಧಿವಂತರಾಗಿ ಕಾಣುತ್ತಾರೆಂಬುದು ನನಗೆ ಅವತ್ತು ತಿಳಿಯಿತು.

ಊರವರೂ ಒಮ್ಮೆ ಬಂದು ಕೇಳಿದರು. ಆಚೆ ದಂಡೆಯಿಂದ ಮದುಮಗಳನ್ನು ಕರೆತರಬೇಕು, ಕಾಯಿ ಒಡೆದು ಪೂಜೆ ಮಾಡಿ ದೋಣಿ ಹೊರಡಿಸೋಣ ಅಂದರು. ಭಾವನವರು ಕಾಯಿಯನ್ನು ಒಡೆಸಿಕೊಂಡರು, ದೋಣಿ ಕೊಡಲಿಲ್ಲ. "ಇದು ಮದಿವಿಗೆ ಅಲ್ಲೋ. ಒಂದ ದಿನ ಜೀವದ ಪ್ರಶ್ನೆ ಬರತೈತಿ, ಅವತ್ತ ತಗೀತೀನಿ" ಅಂದರು.

ಆ ದಿನ ಬಂತು. ಇನ್ನು ನಾನು ನಗಿಸಲಾರೆ.

ಶ್ರಾವಣದ ಒಂದು ಬುಧವಾರ. ಅವ್ವನಿಗೆ ಬಹಳ ಜಡ್ಡಾಗಿದೆ, ಮಗಳನ್ನು ನೋಡಬೇಕು ಎನ್ನುತ್ತಿದ್ದಾಳೆ ಎಂಬ ಸುದ್ದಿಯನ್ನು ಅಕ್ಕನಿಗೆ ಮುಟ್ಟಿಸಿದವನು ನಾನೇ. ನಾನು ಹೋಗಿ ಹೇಳುವ ಹೊತ್ತಿಗೆ ಹೊಳೆ ಎರಡೂ ದಂಡೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಹಿಂದಿನ ದಿನ ಸಂಜೆಯಿಂದಲೇ ಅಂಬಿಗರು ಹರಿಗೋಲುಗಳನ್ನು ದಂಡೆಗೆ ಬೋರಲು ಹಾಕಿದ್ದರು. ಹುಲಿಗಿಗೆ ಹೋಗಿ ಸೇತುವೆ ದಾಟುವ ರೈಲು ಹಿಡಿಯೋಣವೆಂದರೆ ಹಳ್ಳಗಳೆಲ್ಲ ತುಂಬಿ ದಾರಿ ಬಂದಾಗಿತ್ತು. ಅಕ್ಕ ಅಳಲಿಲ್ಲ. ಅವ್ವನಿಗೆಂದು ಗಂಟಿನಲ್ಲಿ ನಾಲ್ಕು ಜೋಳದ ಅರಳುಂಡಿ ಕಟ್ಟಿಕೊಂಡು ಗಂಡನ ಮುಂದೆ ನಿಂತಳು.

"ಏನ್ರಿ, ಇವತ್ತರ ತಗೀರಿ ನಿಮ್ಮ ಬ್ಯಾಟರಿ."

"ಇದಕ್ಕಂತನ ಕಾಯ್ದೀನಿ, ನಡಿ" ಅಂದರು ಭಾವನವರು. ಅವರ ಮುಖದಲ್ಲಿ ಎಂಥ ಕಳೆ ಇತ್ತೆಂದರೆ, ಒಂದು ಗಳಿಗೆ ನಾನೂ ಅವರನ್ನು ನಂಬಿದೆ. ಮುಚ್ಚಳದ ಮಣ್ಣು ಕೆತ್ತಿದರು, ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ದಂಡೆಗೆ ಒಯ್ದರು, ತಂತಿ ಜೋಡಿಸಿ ಕಣ್ಣು ಮುಚ್ಚಿ ಗುಂಡಿ ಒತ್ತಿದರು.

ಟಕ್ ಎಂದಿತು. ಅಷ್ಟೇ. ಇನ್ನೊಮ್ಮೆ ಒತ್ತಿದರೆ ಅದೂ ಇಲ್ಲ.

ಎಂಜಿನನ್ನು ಕೈಯಿಂದ ತಿರುಗಿಸುವ ಕಬ್ಬಿಣದ ಹಿಡಿಕೆಯೊಂದು ದೋಣಿಯಲ್ಲಿತ್ತು. ಭಾವನವರು ಅದನ್ನು ಹಿಡಿದು ತಿರುಗಿಸಿದರು. ಮಧ್ಯಾಹ್ನದವರೆಗೆ ತಿರುಗಿಸಿದರು. ಅಂಗೈ ಚರ್ಮ ಸುಲಿದು ಹಿಡಿಕೆಗೆ ರಕ್ತ ಹತ್ತಿತು. ಹತ್ತು ತಿಂಗಳು ಮಲಗಿದ್ದ ಎಂಜಿನ್ ಏಳಲಿಲ್ಲ. ಅಕ್ಕ ಗಂಟು ಹಿಡಿದುಕೊಂಡು ದೋಣಿಯಲ್ಲೇ ಕೂತಿದ್ದಳು. ಕೊನೆಗೆ ತಾನಾಗಿಯೇ ಇಳಿದು ಬಂದು ಗಂಡನಿಗೆ ಹೇಳಿದಳು: "ನಮ್ಮವ್ವನ ಮುಖಾ ತಪ್ಪಿಸಿದ್ರಿ ನೀವು. ಇದನ್ನ ನಾ ಸಾಯೂತನಕ ಮರಿಯಂಗಿಲ್ಲ."

ಅವ್ವ ಮರುದಿನ ಹೋದಳು. ಅವಳ ಮಣ್ಣಿಗೆ ಮಗಳೂ ಇಲ್ಲ, ಮಗನೂ ಇಲ್ಲ. ಹೊಳೆ ಇಳಿದು ನಾವು ಆಚೆ ದಂಡೆ ಮುಟ್ಟುವಾಗ ಆರು ದಿನ ಕಳೆದಿದ್ದವು.

ಅಲ್ಲಿಂದ ಒಂದು ವರ್ಷ ಅಕ್ಕ ಗಂಡನಿಗೆ ಹೊತ್ತು ಹೊತ್ತಿಗೆ ಊಟ ಹಾಕಿದಳು, ಮಾತು ಹಾಕಲಿಲ್ಲ. ಮಾತಾಡಿದರೆ ಅದೇ ಮಾತು. ನಾನು ಹೋದಾಗಲೆಲ್ಲ ಬೆಂಕಿಗೆ ತುಪ್ಪ ಹೊಯ್ದು ಬರುತ್ತಿದ್ದೆ. "ಬ್ಯಾಟರಿ ಆರಾಮ ಐತೇನ್ರಿ ಭಾವ?" ಎಂದು ಬಂದವರ ಮುಂದೆ ಕೇಳುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡು ಹಗ್ಗ ಹೊಸೆಯುತ್ತಿದ್ದರು.

ಮರುವರ್ಷ ಇಲಾಖೆಯವರು ಸತ್ತ ಬ್ಯಾಟರಿಯನ್ನು ಬಿಟ್ಟು ದೋಣಿಯನ್ನಷ್ಟೇ ಲಾರಿಗೆ ಏರಿಸಿಕೊಂಡು ಹೋದರು, ಭಾವನವರ ನೌಕರಿಯೂ ಹೋಯಿತು. ಕುಷ್ಟಗಿಗೆ ಹೊರಟ ದಿನ ನಾನು ಕಳಿಸಲು ಹೋದೆ. ಅಕ್ಕ ಒಳಗೆ ಪಾತ್ರೆ ಕಟ್ಟುತ್ತಿದ್ದಳು. ಭಾವನವರು ಚಕ್ಕಡಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಎಂದಿನಂತೆ ನಾಲಿಗೆ ಚಾಚಿದೆ: "ಅವ್ವನ್ನ ತಿಂದ ಬ್ಯಾಟರಿನೂ ಕಟಗೊಂಡು ಹೋಗ್ರೆಲ್ಲ."

ಅವರು ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ. ದನಿ ತಗ್ಗಿಸಿ ಅಂದರು: "ಮಾಸ್ತರ, ಅತ್ತಿಯವರ ನೆರಿಮನಿಯವ ಸೋಮವಾರ ಸಂತಿಗೆ ಬಂದಾಗನ ನಿನ್ನ ಸಾಲಿಗೆ ಬಂದು ಹೇಳಿದ್ನಂತಲ್ಲ."

ನಿಜ. ಸೋಮವಾರ ಹರಿಗೋಲು ಹಾಯುತ್ತಿದ್ದವು. ಅವನು ಅಂದೇ ಬಂದು, ಅವ್ವ ಕರೆಯುತ್ತಿದ್ದಾಳೆ, ಅಕ್ಕನನ್ನು ಕರೆದುಕೊಂಡು ಬಾ ಎಂದು ಹೇಳಿದ್ದ. ಮಂಗಳವಾರ ಸಾಲಿ ತಪಾಸಣೆಗೆ ಸಾಹೇಬರು ಬರುವವರಿದ್ದರು. ಅವ್ವನಿಗೆ ಜಡ್ಡಾಗುವುದು ಹೊಸದೇನಲ್ಲ, ತಪಾಸಣೆ ಮುಗಿಯಲಿ, ಬುಧವಾರ ಹೋದರಾಯಿತು ಎಂದು ನಾನೇ ಸುಮ್ಮನಿದ್ದೆ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

"ನಿಮಗ ಯಾವಾಗ ಗೊತ್ತಾತ್ರಿ?"

"ಹೊಳಿ ಇಳದು ಆಚಿ ದಂಡಿಗೆ ಹೋದ್ವೆಲ್ಲ, ಅವತ್ತ. ಅವನ ಹೇಳಿದ."

ಒಂದು ವರ್ಷ! ಒಂದು ವರ್ಷ ಈ ಮನುಷ್ಯ ಹೆಂಡತಿಯ ಬೈಗುಳವನ್ನೂ ನನ್ನ ಕುಹಕವನ್ನೂ ಉಂಡುಕೊಂಡು ಕೂತಿದ್ದರು.

"ಅಕ್ಕಗ ಯಾಕ ಹೇಳ್ಲಿಲ್ರಿ ಭಾವ?"

ಅವರು ಗಂಟು ಬಿಗಿದು, ನನ್ನ ಮುಖ ನೋಡಿದರು. ಆ ಕಣ್ಣುಗಳಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ.

"ಅಕಿಗೆ ತೌರಮನಿ ಅಂತ ಇದ್ದವರು ಇಬ್ಬರ. ಅವ್ವ ಹೋದ್ಲು. ನೀನೂ ಹೋದ್ರ ಅಕಿ ಯಾರ ಮನಿಗೆ ಬರಬೇಕೋ?"

ಅಷ್ಟರಲ್ಲಿ ಅಕ್ಕ ಬುಟ್ಟಿ ಹೊತ್ತು ಹೊರಗೆ ಬಂದಳು. ನಾನು ಭಾವನವರ ಎರಡೂ ಕಾಲು ಹಿಡಿದು ಬಗ್ಗಿದ್ದೆ. ಏಳಲಾಗಲಿಲ್ಲ.

"ಅಯ್ಯ, ಇಂವಗೇನಾತ ಇವತ್ತ!" ಎಂದು ಅಕ್ಕ ಎಷ್ಟೋ ತಿಂಗಳ ಮೇಲೆ ನಕ್ಕಳು. "ಏಳೋ ತಮ್ಮಾ. ಪಂಚಮಿ ಹಬ್ಬಕ್ಕ ತೌರಿಗೆ ಕರಿಯಾಕ ಬರ್ತೀಯಿಲ್ಲೋ?"

"ಬರ್ತಾನ, ಬರ್ತಾನ" ಅಂದರು ಭಾವನವರು.