ಒಂದಕ್ಕೊಂದು ಫ್ರೀ ಹುಲಿ

ಚಳಿಯನ್ನು ಕೊಟ್ಟು, ಅದನ್ನು ತಡೆಯಲು ಹತ್ತಿಯನ್ನೂ ಕೊಟ್ಟ ದಯಾಮಯನಾದ ಮಾಲೀಕನಿಗೆ ಮೊದಲ ಸಲಾಮು. ಮನುಷ್ಯನಿಗೆ ಅವನು ನಗುವನ್ನೇಕೆ ಕೊಟ್ಟ ಎಂಬುದು ನನಗೆ ಚಳಿಗಾಲದಲ್ಲೇ ಹೆಚ್ಚು ತಿಳಿಯುತ್ತದೆ. ನನ್ನ ಕಸಬಿನಲ್ಲಿ ನಗು ತರಿಸುವ ಪ್ರಸಂಗಗಳು ವರ್ಷವರ್ಷವೂ ನಡೆಯುತ್ತಲೇ ಇರುತ್ತವೆ.

ಟಂಟಂ ಎಂಬ ಮೂರು ಗಾಲಿಯ ಗಾಡಿಯ ಮೇಲೆ ಮಷಿನ್ ಹೇರಿಕೊಂಡು ಊರೂರು ತಿರುಗಿ, ಹತ್ತಿ ಹಿಂಜಿ ಹಾಸಲು ಗಾದಿ, ಹೊದೆಯಲು ರಜಾಯಿ ಹೊಲಿದುಕೊಡುವವನು ನಾನು. ಈ ಸಲ ನನಗಿಂತ ಮುಂದೆ ಒಂದು ಸೇಲಿನ ಟೆಂಟು ತಿರುಗುತ್ತಿತ್ತು. ಮಖಮಲ್ಲಿನಂಥ ಬ್ಲಾಂಕೆಟ್ಟು, ಒಂದಕ್ಕೊಂದು ಫ್ರೀ. ಬಹಳಷ್ಟರ ಮೇಲೆ ಹಾಸಿಗೆಯಷ್ಟಗಲ ಹುಲಿಯ ಮುಖ. ಟೆಂಟು ಬಂದು ಹೋದ ಊರಲ್ಲಿ ನನ್ನನ್ನು ಕರೆಯುವವರೇ ಇಲ್ಲ. ಕೊನೆಗೆ ಅದು ನಮ್ಮ ಬಸವನ ಬಾಗೇವಾಡಿಗೂ ಬರುವುದಿತ್ತು. ಅಲ್ಲಿಯೂ ಹೀಗೇ ಆದರೆ ಮಷಿನ್ ಮಾರುವುದೊಂದೇ ದಾರಿ. ಆದರೂ ಆ ಬ್ಲಾಂಕೆಟ್ಟಿನಲ್ಲಿ ಅಂಥಾದ್ದೇನಿದೆ ಎಂಬ ಕುತೂಹಲ ಬಿಡಬೇಕಲ್ಲ! ಹೋದಲ್ಲೆಲ್ಲ ಕೇಳಿ ನೋಡುತ್ತಿದ್ದೆ.

ಇಂಡಿಯ ಕಿಡಿ

ಇಂಡಿಯಲ್ಲಿ ಒಬ್ಬ ಮಾಸ್ತರರ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಒಳಗೆ ಗದ್ದಲ. ಮುಸ್ಸಂಜೆ ಹೊತ್ತು, ದೀಪ ಇನ್ನೂ ಹಚ್ಚಿರಲಿಲ್ಲ. ಬ್ಲಾಂಕೆಟ್ಟು ಕೊಡವಿದರೆ ಚಟಚಟ ಕಿಡಿ ಹಾರುತ್ತಿವೆ. ಮಾಸ್ತರರ ಹೆಂಡತಿ ಗಾಬರಿಯಾಗಿ, "ಮನಿ ವೈರಿಂಗ್ ಕೆಟ್ಟೈತ್ರಿ" ಎಂದು ಲೈನ್‌ಮನ್‌ನನ್ನೇ ಕರೆಸಿದ್ದರು.

ಅವನು ಎಲ್ಲ ಸ್ವಿಚ್ಚು ಒತ್ತಿದ, ಕಂಬ ಹತ್ತಿ ಇಳಿದ. ಆಮೇಲೆ ಮಾಸ್ತರರು ಮತ್ತೊಮ್ಮೆ ಬ್ಲಾಂಕೆಟ್ಟು ಕೊಡವಿದರು. ಚಟಚಟ!

ಲೈನ್‌ಮನ್ ಹುಲಿಯನ್ನೇ ದಿಟ್ಟಿಸಿ ನೋಡಿ ಹೇಳಿದ: "ಮನಿ ವೈರಿಂಗ್ ಚಲೋ ಐತ್ರಿ ಸರ. ಇದಕ್ಕೊಂದು ಬ್ಯಾರೆ ಮೀಟರ್ ಕೂಡಸ್ರಿ."

ಸಿಂದಗಿಯ ಹೊಲದೂಟ

ಎಳ್ಳ ಅಮಾವಾಸ್ಯೆಗೆ ಸಿಂದಗಿಯ ಹಳೆಯ ಗಿರಾಕಿಯೊಬ್ಬರು ಪ್ರತಿವರ್ಷ ನನ್ನನ್ನು ಹೊಲಕ್ಕೆ ಕರೆಯುತ್ತಾರೆ. ಅಂದು ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಎಲ್ಲರೂ ಬಿಳಿಜೋಳದ ನಡುವೆ ಕುಳಿತು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವುದು ಪದ್ಧತಿ. ಎಳೆಬಿಸಿಲು, ಮಕ್ಕಳ ಗಲಾಟೆ. ಅದಕ್ಕಿಂತ ದೊಡ್ಡ ಸುಖ ಯಾವ ಸೇಲಿನಲ್ಲೂ ಸಿಗದು.

ಈ ಸಲ ಊಟಕ್ಕೆ ಕೂಡಲು ಮಗ ಹೊಸ ಬ್ಲಾಂಕೆಟ್ಟು ಹಾಸಿದ. ಎಲ್ಲರೂ ಕುಳಿತರು, ಅಜ್ಜಿ ಮಾತ್ರ ನಿಂತೇ ಇದ್ದರು.

"ಕೂಡಬೇ ಯವ್ವಾ, ಮೆತ್ತಗ ಐತಿ."

"ಹುಲಿ ಮ್ಯಾಲ ದೇವಿ ಕೂಡ್ತಾಳೋ! ನಾ ಹ್ಯಾಂಗ ಕೂಡ್ಲಿ? ಏಳ್ರಿ ಎಲ್ಲಾರೂ!"

ಎಲ್ಲರೂ ಎದ್ದು ಮಣ್ಣಿನ ಮೇಲೆ ಕುಳಿತರು. ಅಜ್ಜಿ ಹುಲಿಯ ಬಾಯಿ ಹತ್ತಿರ ಒಂದು ಹೋಳಿಗೆ ಇಟ್ಟು ಕೈಮುಗಿದರು. ಆ ಮುದುಕಿಯ ಭಕ್ತಿಗೆ ನನ್ನ ಕಣ್ಣೂ ತುಂಬಿತು. ಅಷ್ಟರಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜೀ, ಫ್ರೀ ಬಂದ ಹುಲಿ ಮನ್ಯಾಗ ಉಪಾಸ ಐತೆಲ್ಲ, ಅದಕ್ಕೂ ಒಂದು ಹೋಳಿಗಿ ಕಟ್ಟಲೇನು?"

ಮುದ್ದೇಬಿಹಾಳದ ಎತ್ತು

ಇದು ಸಣ್ಣದು. ಮುದ್ದೇಬಿಹಾಳದ ರೈತನೊಬ್ಬ ತಂಡಿಗೆ ನಡುಗುತ್ತಿದ್ದ ಎತ್ತಿಗೆ ಫ್ರೀ ಬಂದ ಹುಲಿ ಬ್ಲಾಂಕೆಟ್ಟನ್ನು ಹೊದಿಸಿದ. ಆ ಎತ್ತಿಗೆ ತನ್ನ ಬೆನ್ನು ಕಾಣದು, ಆರಾಮಾಗಿ ಮೆಲುಕು ಹಾಕುತ್ತಿತ್ತು. ಪಕ್ಕದ ಎತ್ತು ಹೊರಳಿ ನೋಡಿತು ನೋಡಿ, ಹಗ್ಗ ಹರಿದುಕೊಂಡು ತಾಳಿಕೋಟೆ ರಸ್ತೆ ಹಿಡಿಯಿತು! ಹಿಡಿದು ತರುವಷ್ಟರಲ್ಲಿ ರೈತನ ಮೈಯೆಲ್ಲ ಬೆವರು.

ನೇರ ಟೆಂಟಿಗೆ ಹೋಗಿ ವ್ಯಾಪಾರಿಯ ಮುಂದೆ ಬ್ಲಾಂಕೆಟ್ಟು ಎಸೆದು ಹೇಳಿದ: "ಇದು ನಮ್ಮ ಎತ್ತಿಗೆ ಮನಸಿಗೆ ಬರ್ಲಿಲ್ರಿ. ನವಿಲಿಂದು ಕೊಡ್ರಿ."

ನಮ್ಮ ಬಾಗೇವಾಡಿ

ಟೆಂಟು ನಮ್ಮೂರಿಗೆ ಬಂದ ದಿನವೇ ನಮ್ಮಾಕೆಗೆ ಹೇಳಿದೆ: "ನೋಡು, ಅದು ನಮ್ಮ ಮನಿಯಾಗ ಬರಬಾರದು. ಗಾದಿ ಹೊಲಿಯಾಂವನ ಮನ್ಯಾಗ ಸೇಲಿನ ಹೊದಿಕಿ ಕಂಡ್ರ ಗಿರಾಕಿ ಉಳದಾರೇನು?"

"ಹೌದ್ರಿ," ಎಂದಳು.

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಬಂದರೆ ಅಂಗಳದ ಹಗ್ಗದ ಹೊರಸಿನ ಮೇಲೆ ಹುಲಿ! ಫ್ರೀ ಬಂದದ್ದನ್ನು ಆಗಲೇ ಮಗಳ ಮನೆಗೆ ಕಳಿಸಿದ್ದಳು.

"ಇದೇನಿದು?"

"ಬರೇ ಮುಟ್ಟಿ ನೋಡಾಕ ಹೋಗಿದ್ದೆರಿ. ಮುಟ್ಟಿದ ಮ್ಯಾಲ ಬಿಡಾಕ ಮನಸಾಗ್ಲಿಲ್ಲ."

ಅವಳು ಒಳಗೆ ಹೋದ ಮೇಲೆ ನಾನೂ ಮುಟ್ಟಿದೆ. ಸುಬ್‌ಹಾನಲ್ಲಾ, ಬೆಕ್ಕಿನ ಮರಿಯಷ್ಟು ಮೆತ್ತಗೆ! ಅಷ್ಟರಲ್ಲಿ ಬಾಗಿಲಲ್ಲಿ ದನಿ: "ಭಾಯಿ, ಅದೀಯೇನು?" ನಮ್ಮ ಓಣಿಯ ಹಿರಿಯ ಅಕ್ಕಾರು. ಊರಲ್ಲಿ ಈ ಚಳಿಗಾಲದ ಮೊದಲ ಗಿರಾಕಿ.

ಹುಲಿಯನ್ನು ಬಚ್ಚಿಡಲೇಬೇಕು. ಎದುರಿಗೆ ಮಾರಲೆಂದು ಹತ್ತಿ ಹರಡಿಟ್ಟ ರಜಾಯಿ ಇತ್ತು. ಹುಲಿಯನ್ನು ಹತ್ತಿಯ ಮೇಲೆ ಎಸೆದು, ಬಟ್ಟೆ ಎಳೆದು, ಹೊಲಿಯಲು ಶುರು ಮಾಡಿಬಿಟ್ಟೆ.

ಅಕ್ಕಾರು ಕುಳಿತರು. "ನಮ್ಮ ಸೊಸಿ ಸೇಲಿನ ಹುಲಿ ತಂದಾಳ. ಅದಽ ಚಲೋ ಅಂತಾಳ. ನಾ ಹತ್ತಿದಽ ಚಲೋ ಅಂತೇನಿ. ಇಬ್ಬರಿಗೂ ಮಾತಿಲ್ಲ." ಹಾಗೆನ್ನುತ್ತ ನಾನು ಹೊಲಿಯುತ್ತಿದ್ದ ರಜಾಯಿ ಒತ್ತಿ ನೋಡಿದರು. "ಅಯ್ಯ, ಎಷ್ಟು ಮೆತ್ತಗ! ಹತ್ತಿ ಅಂದ್ರ ಇದು! ಇದನ್ನ ಕೊಡು, ಓಣಿಗೆಲ್ಲಾ ತೋರಸ್ತೇನಿ."

ಸುಮ್ಮನಿದ್ದರೆ ಓಣಿಯೇ ನನ್ನ ಕಡೆ ತಿರುಗುತ್ತದೆ. ಆದರೆ ಮೇಲೊಬ್ಬ ನೋಡುತ್ತಿದ್ದಾನಲ್ಲ! ಸೂಜಿ ನಿಂತಿತು. ಅದೇ ಹೊತ್ತಿಗೆ ಅಡುಗೆಮನೆಯಿಂದ ನಮ್ಮಾಕೆಯ ದನಿ: "ರೀ, ನನ್ನ ಹುಲಿ ಎಲ್ಲಿ ಹೋತು?"

"ಅಕ್ಕಾರ, ನನಗ ಸುಳ್ಳು ಹೇಳಾಕ ಬರೂದಿಲ್ಲ," ಎಂದು ಹೊಲಿಗೆ ಬಿಚ್ಚಿದೆ. ಮೀಸೆಗೆಲ್ಲ ಹತ್ತಿ ಮೆತ್ತಿಕೊಂಡ ಹುಲಿಯ ಮುಖ ಹೊರಬಂತು.

ಅಕ್ಕಾರು ಹುಲಿಯನ್ನು ನೋಡಿದರು, ನನ್ನನ್ನು ನೋಡಿದರು. ಗಿರಾಕಿ ಹೋಯಿತೆಂದುಕೊಂಡೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಮೆಲ್ಲಗೆ, "ಭಾಯಿ, ಸೊಸಿ ಹುಲಿನೂ ತಂದುಕೊಡ್ತೇನಿ, ಹಿಂಗಽ ಒಳಗಿಟ್ಟು ಹೊಲಿ. ಹತ್ತಿ ಅಂತ ನಾ ಗೆದ್ದಂಗ, ಹುಲಿ ಅಂತ ಆಕಿ ಗೆದ್ದಂಗ. ಇಬ್ಬರೂ ಒಂದಽ ಹೊಚಗೊಂಡು ಮಲಗತೇವಿ," ಎಂದರು.

ಸುದ್ದಿ ಹರಡಿತು. ಓಣಿಯವರೆಲ್ಲ ಕಂಕುಳಲ್ಲಿ ಹುಲಿ ಹಿಡಿದು ಸಾಲು ನಿಂತರು. ಮಷಿನ್ ಮತ್ತೆ ಗುರುಗುಟ್ಟಿತು. ಕೊನೆಗೆ ಒಂದು ದಿನ ಟೆಂಟಿನ ವ್ಯಾಪಾರಿಯೇ ಬಂದು ಕೈಮುಗಿದ.

"ಚಾಚಾ, ಟೆಂಟಿನ ಬಾಜೂಕ ಬಂದು ಕುಂದರ್ರಿ. ನಿಮ್ಮೂರ ಮಂದಿ ಬ್ಲಾಂಕೆಟ್ಟಿನ ಜೋಡಿ ಇನ್ನೊಂದು ಬ್ಲಾಂಕೆಟ್ಟು ಬ್ಯಾಡ ಅನ್ನಾಕತ್ತಾರ. ಗಾದಿಯಾಂವನ್ನ ಫ್ರೀ ಕೊಡು ಅಂತಾರ!"

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಮನೆಯನ್ನೂ ಆ ಮಾಲೀಕ ಬೆಚ್ಚಗಿಡಲಿ. ನಿಮ್ಮ ಮಕ್ಕಳು ಮರಿಗಳು ಒಂದೇ ಹೊದಿಕೆಗೆ ಜಗ್ಗಾಡಿ, ನಗುನಗುತ್ತ ನಿದ್ದೆ ಹೋಗಲಿ. ಆಮೀನ್.